ಕೊನೆಯಲ್ಲಿ ಸ್ವಲ್ಪ ಏಲಕ್ಕಿ

ರೇವತಿ ಗುಲಾಬಿಯನ್ನು ತಂದು ಮೂಗಿನ ಕೆಳಗೆ ಹಿಡಿದಾಗ ಸುರೇಂದ್ರ ಅರ್ಧ ಗಡ್ಡ ಹೆರೆದಿದ್ದ. ಇಟ್ಟಿಗೆಯೂ ಅಲ್ಲದ, ಕಿತ್ತಳೆಯೂ ಅಲ್ಲದ, ಇನ್ನೇನು ಹಣ್ಣಾಗಲಿರುವ ಕಾಫಿ ಕಾಯಿಯಂಥ ಕೆಂಪು. ಅರ್ಧ ಅರಳಿತ್ತು. "ಹೇಗಿದೆ?" ಎಂದಳು. ಅವನು ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದ. ರೇಜರ್ ಕೆಳಗಿಟ್ಟ, ಕಣ್ಣು ಮುಚ್ಚಿದ, ಉಸಿರನ್ನು ಉದ್ದಕ್ಕೆ ಎಳೆದು ಒಳಗೇ ನಿಲ್ಲಿಸಿದ, ಹುಬ್ಬನ್ನು ಸ್ವಲ್ಪ ಮೇಲೆತ್ತಿದ. "ಅಬ್ಬ, ಏನು ಪರಿಮಳ ಮಾರಾಯ್ತಿ," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಸುಬುದಾರನಿಗೆ ಅಷ್ಟಕ್ಕೆ ನಿಲ್ಲಿಸುವುದು ಅವಮಾನ. "ಕೊನೆಯಲ್ಲಿ ಸ್ವಲ್ಪ ಏಲಕ್ಕಿ ಇದೆ," ಎಂದು ಸೇರಿಸಿದ.

"ಏಲಕ್ಕಿಯಾ?"

"ಸ್ವಲ್ಪ."

ಅವಳು ಅವನನ್ನು, ಆಮೇಲೆ ಹೂವನ್ನು, ಮತ್ತೆ ಅವನನ್ನು ನೋಡಿದಳು. ಹೂವಿನ ಬುಡದ ಹಸಿರು ಎಸಳಿನ ತುದಿಯಲ್ಲಿ ಹುಳ ಕಚ್ಚಿದ ಜಾಗವನ್ನು ಉಗುರು ಕತ್ತರಿಯಿಂದ ಚೊಕ್ಕ ಮಾಡಿದ್ದಳು, ಆ ಗುರುತಿನ ಮೇಲೆ ಸುಮ್ಮನೆ ಬೆರಳಾಡಿಸಿದಳು. "ಸರಿ," ಎಂದು ಒಳಗೆ ಹೋದಳು.

ಉಳಿದ ಅರ್ಧ ಗಡ್ಡ ಹೆರೆಯುವಾಗಲೂ ಏಲಕ್ಕಿ ಒಳ್ಳೆಯ ಆಯ್ಕೆ ಎಂದೇ ಅವನಿಗೆ ಅನ್ನಿಸುತ್ತಿತ್ತು. ಲವಂಗ ಎಂದಿದ್ದರೆ ಉಡಾಫೆಯಾಗುತ್ತಿತ್ತು. ಜೇನು ಎಂದಿದ್ದರೆ ಯಾರು ಬೇಕಾದರೂ ಹೇಳುವ ಮಾತು. ಏಲಕ್ಕಿಯಲ್ಲಿ ಒಂದು ಘನತೆಯಿದೆ, ಇಲ್ಲ ಎಂದು ಯಾರೂ ಪ್ರಮಾಣ ಮಾಡಲಾರರು. ಸುಳ್ಳು ಹೇಳುವುದರಲ್ಲೂ ಮನುಷ್ಯ ಪಳಗುತ್ತಾನೆ. ಚಿಕ್ಕಮಗಳೂರಿನಲ್ಲಿ ಬೆಳ್ಳಿಯಪ್ಪನವರ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವನು ಮದುವೆಗೂ ಮೊದಲಿನಿಂದ ಕಾಫಿ ಟೇಸ್ಟರ್. ಮೂಡಿಗೆರೆ, ಕಳಸದ ಕಡೆಯ ತೋಟಗಳಿಂದ ಬಂದ ಬೀಜವನ್ನು ಹುರಿದು, ಪುಡಿಮಾಡಿ, ಸಾಲಾಗಿಟ್ಟ ಬಟ್ಟಲುಗಳಿಗೆ ಹಾಕಿ ಬಿಸಿನೀರು ಹೊಯ್ಯುತ್ತಾರೆ. ಅವನು ಬಗ್ಗಿ ಮೂಸಬೇಕು, ಚಮಚದಲ್ಲಿ ಎತ್ತಿ ಸುರ್ರೆಂದು ಹೀರಬೇಕು, ಉಗಿದು, ಇದು ಎಂಥ ಕಾಫಿ ಎಂದು ಹೇಳಬೇಕು. ಅವನು ಹೇಳಿದ್ದನ್ನು ಕೊಳ್ಳುವವರು ನಂಬಬೇಕು. ಬೆಳ್ಳಿಯಪ್ಪನವರು ಬಂದವರಿಗೆ ಅವನನ್ನು ಹೆಸರು ಹಿಡಿದು ಪರಿಚಯಿಸಿದ್ದೇ ಇಲ್ಲ. "ಇದು ನಮ್ಮ ಮೂಗು," ಎನ್ನುತ್ತಾರೆ, ಮನೆಯ ನಾಯಿಯನ್ನು ತೋರಿಸುವ ಹಾಗೆ, ಅಷ್ಟೇ ಪ್ರೀತಿಯಿಂದ.

ಆ ಮೂಗು ಸತ್ತು ಎರಡು ವರ್ಷವಾಗಿತ್ತು. ಸಾವಿಗೆ ದೊಡ್ಡ ಕಾರಣವೇನೂ ಇರಲಿಲ್ಲ, ಒಂದು ಜ್ವರ, ಒಂದು ನೆಗಡಿ. ಜ್ವರ ಬಿಟ್ಟ ಬೆಳಿಗ್ಗೆ ರೇವತಿ ತಂದುಕೊಟ್ಟ ಕಾಫಿ ಕುಡಿದು, ಇವಳು ಬಿಸಿನೀರಿಗೆ ಬಣ್ಣ ಹಾಕಿ ಕೊಟ್ಟಿದ್ದಾಳೆ ಎಂದುಕೊಂಡ. ಆಮೇಲೆ ಸೋಪು ಮೂಸಿದ, ಸೀಮೆಎಣ್ಣೆ ಮೂಸಿದ, ಬಚ್ಚಲಿಗೆ ಚಿಲಕ ಹಾಕಿಕೊಂಡು ತನ್ನದೇ ಕಂಕುಳು ಮೂಸಿದ. ಎಲ್ಲವೂ ಗೋಡೆ. ಕೆಲಸದ ನೆವ ಹೇಳಿ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, "ಬರಬಹುದು, ಬರದೆಯೂ ಇರಬಹುದು. ನಿಮಗೆ ಅಂಥ ತೊಂದರೆ ಏನಿಲ್ಲವಲ್ಲ?" ಎಂದರು. ಏನಿಲ್ಲ ಎಂದ. ನಾಲಿಗೆ ಬದುಕಿತ್ತು, ಹುಳಿ ಗೊತ್ತಾಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು. ಉಳಿದದ್ದಕ್ಕೆ ನಜ್ಮಾ ಇದ್ದಳು. ಅವನ ಕೈಕೆಳಗೆ ಕಲಿಯಲು ಸೇರಿದ ಹುಡುಗಿ, ಮೆಕ್ಯಾನಿಕ್ ಸಫ್ದರನ ಮಗಳು. ಬಟ್ಟಲಿಗೆ ಬಗ್ಗಿದಾಗ ಒಳ್ಳೆಯ ಕಾಫಿಯಾದರೆ ಅವಳ ಮೂಗಿನ ಹೊಳ್ಳೆ ಒಂಚೂರು ಹಿಗ್ಗುತ್ತಿತ್ತು, ಕೆಟ್ಟದ್ದಾದರೆ ಎಡಗಣ್ಣು ಕಿರಿದಾಗುತ್ತಿತ್ತು. ಅವನು ಕಾಫಿ ಬಿಟ್ಟು ಹುಡುಗಿಯ ಮುಖ ಓದಲು ಕಲಿತ. "ನೀನು ಮೊದಲು ಹೇಳು ನಜ್ಮಾ, ಕಲೀಬೇಕಲ್ಲ," ಎನ್ನುತ್ತಿದ್ದ. ಅವಳು ಹೇಳಿದ್ದನ್ನು ತುಸು ತಿದ್ದಿ, ಮೇಲೊಂದು ಹಣ್ಣಿನ ಹೆಸರು ಸೇರಿಸಿ, ತಾನು ಹೇಳುತ್ತಿದ್ದ. ಎಂಥ ಗುರು ಎಂದು ಬೆಳ್ಳಿಯಪ್ಪನವರು ಮೆಚ್ಚಿಕೊಂಡರು. ಶಿಷ್ಯರನ್ನು ಇಷ್ಟು ಮುಂದೆ ಬಿಡುವ ಗುರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ?

ಕೆಲಸದ ಸುಳ್ಳು ಹೀಗೆ ತನ್ನಷ್ಟಕ್ಕೆ ನಡೆಯುತ್ತಿತ್ತು. ಮನೆಯ ಸುಳ್ಳೇ ಅವನಿಗೆ ಒಮ್ಮೊಮ್ಮೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮದುವೆಯಾದ ಹೊಸದರಲ್ಲಿ ರೇವತಿ ಮಲ್ಲಿಗೆ ಮುಡಿದು ಬಂದು ಪಕ್ಕದಲ್ಲಿ ಕೂತಾಗ ಅವನು ತನ್ನ ಕಸುಬಿನ ಶಾಸ್ತ್ರವನ್ನು ಬಹಳ ಮೃದುವಾಗಿ ವಿವರಿಸಿದ್ದ. ಟೇಸ್ಟಿಂಗ್ ರೂಮಿಗೆ ಹೂವು ಮುಡಿದವರನ್ನು ಬಿಡುವುದಿಲ್ಲ, ಪೌಡರ್ ಹಾಕಿದವರನ್ನು ಬಿಡುವುದಿಲ್ಲ, ದಿಂಬಿಗೆ ಅಂಟಿದ ವಾಸನೆ ಮಾರನೆಯ ದಿನದ ಬಟ್ಟಲಿಗೂ ಬರುತ್ತದೆ, ನಮ್ಮ ಅನ್ನ ಈ ಮೂಗಿನ ಮೇಲೆ ನಿಂತಿದೆ. ಅವಳು ಮಲ್ಲಿಗೆ ಬಿಟ್ಟಳು. ಪೌಡರ್ ಬಿಟ್ಟಳು. ಬೆಳಗಿನ ಅಡುಗೆಗೆ ಬೆಳ್ಳುಳ್ಳಿ ಒಗ್ಗರಣೆ ಬಿಟ್ಟಳು, ಇಂಗಿನ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿನ ಅಟ್ಟಕ್ಕೆ ಹಾಕಿದಳು. ಮದುವೆ ಮುಂಜಿಗೆ ಹೂವು ಮುಡಿದರೆ ಬಂದ ಕೂಡಲೇ ತಲೆ ತೊಳೆದುಕೊಳ್ಳುತ್ತಿದ್ದಳು. "ಇದೆಂಥದು ರೇವತಿ, ಬರಿ ತಲೆಯಲ್ಲಿ ಓಡಾಡ್ತೀಯಲ್ಲ," ಎಂದು ಅವಳ ಅತ್ತಿಗೆ ಕೇಳಿದಾಗ, "ನಮ್ಮವರ ಮೂಗು ಸೂಕ್ಷ್ಮ," ಎಂದದ್ದನ್ನು ಅವನು ಕಿವಿಯಾರೆ ಕೇಳಿದ್ದ. ಆ ಮಾತಿನಲ್ಲಿ ಹೆಮ್ಮೆಯಿತ್ತು. ಮೂಗು ಸತ್ತ ಮೇಲೆ ಈ ಕಾನೂನುಗಳನ್ನೆಲ್ಲ ಒಂದೇ ಬೆಳಿಗ್ಗೆ ತೆಗೆದುಹಾಕಬಹುದಿತ್ತು. ತೆಗೆದರೆ ಯಾಕೆ ಎಂದು ಕೇಳುತ್ತಾಳೆ. ಹಾಗಾಗಿ ತೆಗೆಯಲಿಲ್ಲ. ಮೊನ್ನೆ ಕೂಡ, ಪಕ್ಕದ ಮನೆಯವರು ಕೊಟ್ಟ ಸಂಪಿಗೆಯನ್ನು ಅವಳು ಗೇಟಿನ ಹೊರಗೆ ಇಟ್ಟು ಒಳಗೆ ಬಂದದ್ದನ್ನು ನೋಡಿಯೂ ಪೇಪರ್ ಓದುತ್ತಿದ್ದ.

ಹೂವು ಮುಡಿಯಲಾಗದ ಹೆಂಗಸು ಹೂವು ಬೆಳೆಯಲು ಹೊರಟದ್ದು ಅವನಿಗೆ ವಿಚಿತ್ರವೆನಿಸಿರಲಿಲ್ಲ. ಒಂದು ಹವ್ಯಾಸ ಒಳ್ಳೆಯದೇ ಎಂದುಕೊಂಡಿದ್ದ. ಮನೆಯ ಹಿಂದೆ ಗೋಡೆಗುಂಟ ಪೇಂಟಿನ ಡಬ್ಬಿ, ಸಿಮೆಂಟಿನ ಚೀಲ ಸಾಲಾಗಿಟ್ಟು, ಕ್ಯೂರಿಂಗ್ ವರ್ಕ್ಸ್‌ನ ಕಾಫಿ ಸಿಪ್ಪೆಯನ್ನು ಕೊಳೆಸಿ ಗೊಬ್ಬರ ಮಾಡಿ, ಕಡಲೆ ಹಿಂಡಿ ನೆನೆಸಿದ ನೀರು ಹೊಯ್ದು ಗುಲಾಬಿ ಬೆಳೆದಳು. ಇಲ್ಲಿಯ ಮಳೆಗೆ ಗುಲಾಬಿಯ ಎಲೆಗೆ ಕಪ್ಪು ಚುಕ್ಕೆ ಬಿದ್ದು ಗಿಡ ಬೋಳಾಗುತ್ತದೆ. ಜೂನ್ ಬಂತೆಂದರೆ ಒಂದೊಂದನ್ನೇ ಎತ್ತಿ ಸೂರಿನ ಕೆಳಗೆ ಇಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಕೊಂಬೆಗಳನ್ನು ಕನಿಕರವಿಲ್ಲದೆ ಸವರುತ್ತಿದ್ದಳು, ಜನವರಿಗೆ ಹೂವು ಬರುತ್ತಿತ್ತು. ಮೊದಲು ತಂದದ್ದೆಲ್ಲ ಪರಿಮಳದವು. ಪನ್ನೀರು ಗುಲಾಬಿ, ಹತ್ತಿರ ಹೋದರೆ ಕಪ್ಪೆನಿಸುವ ಕಡುಗೆಂಪಿನ ಒಂದು, ನಿಂಬೆಯ ವಾಸನೆಯದೆಂದು ಮೂಡಿಗೆರೆ ರಸ್ತೆಯ ನರ್ಸರಿಯ ರಜಾಕ್ ಆಣೆ ಮಾಡಿ ಕೊಟ್ಟ ಹಳದಿಯ ಒಂದು. ಭಾನುವಾರ ಒಂದನ್ನು ಕೊಯ್ದು ತಂದು ಜಗಲಿಯಲ್ಲಿ ಅವನ ಮುಂದೆ ಹಿಡಿಯುತ್ತಿದ್ದಳು. ಅವನು ಕಣ್ಣು ಮುಚ್ಚಿ ಉಸಿರೆಳೆದು, "ಚೆನ್ನಾಗಿದೆ," ಎನ್ನುತ್ತಿದ್ದ. ಮುಂದಿನ ವಾರ ಬೇರೆಯದು. "ಚೆನ್ನಾಗಿದೆ." ಒಂದು ದಿನ ಅವಳು, "ಹೋದ ವಾರದ್ದಕ್ಕಿಂತ ಚೆನ್ನಾಗಿದೆಯಾ?" ಎಂದು ಕೇಳಿದಾಗ, "ಎರಡೂ ಚೆನ್ನಾಗಿದೆ," ಎಂದಿದ್ದ. ದೇಶದ ಯಾವುದೋ ಮೂಲೆಯ ಕೊಳ್ಳುವವನಿಗೆ ಒಂದು ಗುಟುಕಿನಲ್ಲಿ ಐದು ಹಣ್ಣು, ಮೂರು ಮಸಾಲೆ ಹೆಸರಿಸುವ ಬಾಯಿ. ಕ್ರಮೇಣ ಪರಿಮಳದ ಗಿಡಗಳು ಒಂದೊಂದಾಗಿ ನೆರೆಮನೆಗಳಿಗೆ ಹೋದವು. ಆ ಜಾಗಕ್ಕೆ ಬಣ್ಣದವು ಬಂದವು. ರುಚಿ ಬದಲಾಗಿದೆ ಎಂದುಕೊಂಡ. ಅವಳು ಈಚೆಗೆ ಜಾಸ್ತಿ ಮಾತಾಡುವುದಿಲ್ಲ ಎಂಬುದನ್ನೂ ಅವನು ಗಮನಿಸಿದ್ದ, ವಯಸ್ಸು ಎಂದುಕೊಂಡಿದ್ದ.

ಈ ದಿನದ ಕಷ್ಟ ಬೇರೆಯೇ ಇತ್ತು. ಕ್ಲಬ್ಬಿನಲ್ಲಿ ಗುಲಾಬಿ ಪ್ರದರ್ಶನ. ಬಣ್ಣಕ್ಕೆ ಒಂದು ಬಹುಮಾನ, ಪರಿಮಳಕ್ಕೆ ಇನ್ನೊಂದು. ಪರಿಮಳದ ತೀರ್ಪು ಕೊಡಲು ಪ್ರತಿವರ್ಷ ಮಂಗಳೂರಿನಿಂದ ಬರುತ್ತಿದ್ದ ಮುದುಕರು ಹಾಸಿಗೆ ಹಿಡಿದದ್ದರಿಂದ, ಬೆಳ್ಳಿಯಪ್ಪನವರು ಯಾರನ್ನೂ ಕೇಳದೆ, "ಯಾಕೆ, ನಮ್ಮ ಮೂಗು ಇಲ್ವಾ?" ಎಂದುಬಿಟ್ಟಿದ್ದರು. ಅಲ್ಲಿ ಬಟ್ಟಲಿಲ್ಲ, ಹುಳಿ ಕಹಿಯಿಲ್ಲ, ನಾಲಿಗೆಗೆ ಕೆಲಸವಿಲ್ಲ. ನಜ್ಮಾ ಇಲ್ಲ. ಬರೀ ಮೂಗು. ಊರಿನ ಅರ್ಧ ಪ್ಲಾಂಟರುಗಳು ಸುತ್ತ ನಿಂತು ನೋಡುತ್ತಿರುತ್ತಾರೆ. ಒಂದು ತಪ್ಪಿದರೆ ನಾಳೆಯಿಂದ ಅವನನ್ನು ಗೇಟಿನ ಕೆಲಸಕ್ಕೂ ಕರೆಯುವುದಿಲ್ಲ. ಬರುವುದಿಲ್ಲವೆಂದಿದ್ದ ರೇವತಿ ಹೊರಡುವ ಹೊತ್ತಿಗೆ ಸೀರೆಯುಟ್ಟು ಸಿದ್ಧಳಾಗಿ, "ನೀವು ಹೋಗಿರಿ, ನಾನು ಆಟೋದಲ್ಲಿ ಬರ್ತೇನೆ," ಎಂದದ್ದು ಅವನ ಭಯಕ್ಕೆ ಇನ್ನೊಂದು ಕಣ್ಣನ್ನು ಸೇರಿಸಿತು.

ಕ್ಲಬ್ಬಿನ ಹಾಲಿನಲ್ಲಿ ಪ್ರೇಮಲತಾ ಮೇಡಂ ಎದುರಾದರು. ಗುಲಾಬಿ ಸಂಘದ ಅಧ್ಯಕ್ಷೆ, ಆಲ್ದೂರಿನ ಕಡೆ ದೊಡ್ಡ ಎಸ್ಟೇಟು. ಗುಲಾಬಿಗೆ ಗೊಬ್ಬರ ಹಾಕುವವರು ಬೇರೆ, ಮುಳ್ಳು ಚುಚ್ಚಿಸಿಕೊಳ್ಳುವವರು ಬೇರೆ, ಆದರೂ "ನನ್ನ ಮಕ್ಕಳು" ಎಂದೇ ಗಿಡಗಳನ್ನು ಕರೆಯುತ್ತಾರೆ. "ಬನ್ನಿ ಬನ್ನಿ ಸುರೇಂದ್ರ ಅವ್ರೇ. ನಾವು ಬೆಳಿಗ್ಗೆಯಿಂದ ಒಬ್ಬರೂ ಸೆಂಟ್ ಹಾಕಿಕೊಂಡಿಲ್ಲ, ನಿಮಗೋಸ್ಕರ!" ಎಂದರು. ಅವನು ಕೃತಜ್ಞತೆಯಿಂದ ಮೂಗು ಸವರಿಕೊಂಡ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಗಾಜಿನ ಲೋಟಗಳ ಸಾಲು. ಪ್ರತಿ ಲೋಟದಲ್ಲೂ ತೊಟ್ಟು ಮೋಟಾಗಿ ಕತ್ತರಿಸಿದ ಒಂದು ಅರೆಬಿರಿದ ಹೂವು, ಪರಿಮಳ ಹಾರಿಹೋಗದಂತೆ ಬಾಯಿಗೆ ಮುಚ್ಚಿದ ತಟ್ಟೆ. ಹೆಸರಿಲ್ಲ, ನಂಬರು ಮಾತ್ರ. ತಟ್ಟೆ ಸರಿಸಬೇಕು, ಒಮ್ಮೆ ಮೂಸಬೇಕು, ಮುಚ್ಚಬೇಕು. ಕಾಫಿ ಬಟ್ಟಲುಗಳ ಸಾಲಿನಂತೆಯೇ ಇತ್ತು. ದೇವರಿಗೆ ವ್ಯಂಗ್ಯದ ರುಚಿ ಇದೆ, ಆದರೆ ಅಂಥ ಸೂಕ್ಷ್ಮ ರುಚಿಯಲ್ಲ ಎಂದುಕೊಂಡ.

ಮೊದಲ ತಟ್ಟೆ ಸರಿಸಿದ. ಕೆಂಪು. ಎರಡನೆಯದು ಗುಲಾಬಿ ಬಣ್ಣದ್ದೇ ಗುಲಾಬಿ. ಮೂಸಿದ. ಲೋಟದ ತಣ್ಣನೆಯ ಗಾಳಿ ಮೂಗಿನೊಳಗೆ ಹೋಗಿ ಹಾಗೆಯೇ ವಾಪಸ್ ಬಂತು. ಅವನು ತಲೆಯೆತ್ತಿ ಮುಖಗಳನ್ನು ನೋಡಿದ, ಅಭ್ಯಾಸಬಲ. ಪ್ರೇಮಲತಾ ಮೇಡಂ ಅವನ ಮುಖವನ್ನೇ ನೋಡುತ್ತಿದ್ದರು. ಬೆಳ್ಳಿಯಪ್ಪನವರು ಅವನ ಮುಖವನ್ನೇ ನೋಡುತ್ತಿದ್ದರು. ಹಾಲಿನಲ್ಲಿದ್ದವರೆಲ್ಲ, ಯಾವ ಹೂವಿಗೆ ಏನನ್ನಿಸಬೇಕು ಎಂದು ಅವನ ಮುಖದಿಂದ ತಿಳಿಯಲು ಕಾಯುತ್ತಿದ್ದರು. ಓದಲು ಇಡೀ ಹಾಲಿನಲ್ಲಿ ಒಂದೂ ಮುಖವಿರಲಿಲ್ಲ. ಕಡುಗೆಂಪಿನದ್ದಕ್ಕೆ ಪರಿಮಳ ಹೆಚ್ಚು ಎಂದು ಎಲ್ಲೋ ಓದಿದ್ದ, ಅದಕ್ಕೇ ಕೊಟ್ಟುಬಿಡೋಣ ಎಂದುಕೊಂಡ. ಆದರೆ ಕಡುಗೆಂಪಿನವು ನಾಲ್ಕಿದ್ದವು. ಬೆನ್ನಿನಲ್ಲಿ ಬೆವರು ಇಳಿಯಿತು. ಆ ಬೆವರಿಗೂ ಒಂದು ವಾಸನೆ ಇರಬೇಕು, ಹತ್ತಿರ ನಿಂತವರಿಗೆ ಗೊತ್ತಾಗುತ್ತಿರಬೇಕು ಎಂಬ ಯೋಚನೆ ಬಂತು. ಎರಡು ವರ್ಷದಿಂದ ತಾನು ಹೇಗೆ ನಾರುತ್ತೇನೆಂದು ತನಗೆ ಗೊತ್ತಿಲ್ಲ, ಗೊತ್ತಿರುವವಳು ಒಬ್ಬಳೇ.

ಹಾಗೆ ಯೋಚಿಸುತ್ತ ಸರಿಸಿದ ತಟ್ಟೆಯ ಕೆಳಗೆ ಆ ಹೂವಿತ್ತು. ಹಣ್ಣಾಗಲಿರುವ ಕಾಫಿ ಕಾಯಿಯ ಕೆಂಪು, ಹಸಿರು ಎಸಳಿನ ತುದಿಯಲ್ಲಿ ಉಗುರು ಕತ್ತರಿಯ ಗುರುತು. ಹೇಳದೆ ಕೇಳದೆ ತಂದಿಟ್ಟಿದ್ದಾಳೆ. ತಲೆಯೆತ್ತಿದರೆ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ರೇವತಿ ಕೂತಿದ್ದಳು, ಬರಿ ತಲೆಯಲ್ಲಿ. ಉಳಿದ ಹೆಂಗಸರೆಲ್ಲ ಏನೋ ಒಂದನ್ನು ಮುಡಿದಿದ್ದರು. ಅವನಿಗೆ ತಟ್ಟನೆ ದಾರಿ ಕಂಡಿತು. ಬೆಳಿಗ್ಗೆ ಬಾಯಿತುಂಬ ಹೊಗಳಿದ್ದೇನೆ, ಈಗ ಕೊಡದಿದ್ದರೆ ಮನೆಯಲ್ಲಿ ಉತ್ತರ ಕೊಡಬೇಕು. ಕೊಟ್ಟರೆ ಯಾರೂ ತಪ್ಪೆಂದು ತೋರಿಸಲಾರರು. ಜೊತೆಗೆ, ಎರಡು ವರ್ಷ ಅವಳನ್ನು ಸುಮ್ಮನೆ ಮುಡಿಯಲು ಬಿಡದ ಹೂವುಗಳ ಲೆಕ್ಕವನ್ನೆಲ್ಲ ಬಹುಮಾನದ ಒಂದು ಹಿತ್ತಾಳೆಯ ಕಪ್ಪಿನಲ್ಲಿ ಚುಕ್ತಾ ಮಾಡಬಹುದು. ತನ್ನ ಔದಾರ್ಯಕ್ಕೆ ತಾನೇ ಕರಗಿಹೋದ. ಮಿಕ್ಕ ಲೋಟಗಳನ್ನು ಶಾಸ್ತ್ರಕ್ಕೆ ಮೂಸಿ, ಮತ್ತೆ ಇದರ ಹತ್ತಿರ ಬಂದು, ಇನ್ನೊಮ್ಮೆ ಕಣ್ಣು ಮುಚ್ಚಿ ನಿಂತ. ಹಾಲಿನಲ್ಲಿ ಕೆಮ್ಮು ಕೂಡ ನಿಂತಿತು.

ಮೈಕಿನಲ್ಲಿ ಹೇಳಿದ: "ಇದು ಕೂಗಿ ಕರೆಯುವ ಪರಿಮಳ ಅಲ್ಲ. ಕಾಯಬೇಕು. ಮೊದಲು ಏನೂ ಇಲ್ಲ ಅನ್ನಿಸ್ತದೆ. ಕೊನೆಯಲ್ಲಿ ಸ್ವಲ್ಪ ಏಲಕ್ಕಿ."

ಚಪ್ಪಾಳೆ ಬಿತ್ತು. ಪ್ರೇಮಲತಾ ಮೇಡಂ ಲೋಟಕ್ಕೆ ಬಗ್ಗಿದರು, ಕಾದರು, ಮುಖ ಅರಳಿತು. "ಹೌದ್ರೀ! ಏಲಕ್ಕಿ! ನನಗೆ ಆಗಲೇ ಏನೋ ಒಂದು ಬಂತು, ಹೆಸರು ಸಿಕ್ಕಿರಲಿಲ್ಲ." ಬೆಳ್ಳಿಯಪ್ಪನವರು ದೀರ್ಘವಾಗಿ ಎಳೆದುಕೊಂಡು, "ಏಲಕ್ಕಿ ಅಂದ್ರೆ ನಮ್ಮ ಕಡೆ ಕಾಡೇಲಕ್ಕಿ ಮಾರಾಯ, ಅಂಗಡಿಯದ್ದಲ್ಲ," ಎಂದು ತಿದ್ದಿದರು. ಸಾಲು ನಿಂತಿತು. ಒಬ್ಬೊಬ್ಬರೂ ಬಗ್ಗಿ, ಕಾದು, ತಲೆಯಾಡಿಸಿ ಹೋದರು. ಕಾಯಲು ಪುರುಸೊತ್ತಿಲ್ಲದವರು ಕಾಯದೆಯೇ ತಲೆಯಾಡಿಸಿದರು. ಲೋಟದ ಕೆಳಗಿನ ಚೀಟಿ ತೆಗೆದು ಹೆಸರು ಓದಿದಾಗ ಒಂದು ಕ್ಷಣ ಗುಸುಗುಸು ಎದ್ದಿತು. ಪ್ರೇಮಲತಾ ಮೇಡಂ ಅದನ್ನೂ ನಿಭಾಯಿಸಿದರು: "ನೋಡಿ, ಹೆಂಡತಿ ತಂದಿಟ್ಟದ್ದು ಅವರಿಗೇ ಗೊತ್ತಿಲ್ಲ. ಮೂಗಿಗೆ ಹೆಂಡತಿ ಮಕ್ಕಳು ಇರೋದಿಲ್ಲ!" ಎಲ್ಲರೂ ನಕ್ಕರು. ರೇವತಿ ಎದ್ದುಬಂದು ಕಪ್ಪು ತೆಗೆದುಕೊಂಡಳು. ಅವಳು ನಾಚಬಹುದು, ಇಲ್ಲ ಕಣ್ಣು ತೇವವಾಗಬಹುದು ಎಂದು ಅವನು ತಯಾರಾಗಿದ್ದ. ಅವಳು ಅವನ ಮುಖವನ್ನು ನೇರವಾಗಿ ನೋಡಿದಳು, ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲಿದ್ದವನನ್ನು ನೋಡುವ ಹಾಗೆ.

ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊರು ಮುಗಿದು ಸಿಲ್ವರ್ ಓಕಿನ ಮರಗಳ ಸಾಲು ಶುರುವಾಗುವಲ್ಲಿ, "ನಿಲ್ಸಿ," ಎಂದಳು. ಇಳಿದು, ಕಪ್ಪಿನೊಳಗೆ ಇಟ್ಟುಕೊಂಡಿದ್ದ ಹೂವನ್ನು ತೆಗೆದು ಚಾಚಿದಳು.

"ಇದಕ್ಕೆ ವಾಸನೆ ಇಲ್ಲ."

ಅವನು ನಗಲು ನೋಡಿದ. "ಎಂಥ ಮಾತಾಡ್ತೀ, ಅಷ್ಟು ಜನ..."

"ಅಷ್ಟು ಜನರ ಮಾತು ಬಿಡಿ. ರಜಾಕಣ್ಣ ಕೊಡುವಾಗಲೇ ಹೇಳಿದ್ದ, ಅಕ್ಕಾ ಇದು ಬಣ್ಣ ನೋಡ್ಲಿಕ್ಕೆ ಮಾತ್ರ, ಮೂಗಿಗೆ ಕಾಗದದ ಹೂವೂ ಒಂದೇ, ಇದೂ ಒಂದೇ ಅಂತ. ಬೆಳಿಗ್ಗೆ ನೀವು ಏಲಕ್ಕಿ ಅಂದ್ರಿ. ಒಂದೋ ನೀವು ನನ್ನನ್ನು ಮಗು ಥರ ಸಮಾಧಾನ ಮಾಡ್ತಿದ್ದೀರಿ, ಇಲ್ಲ ನಿಮಗೇ ಏನೋ ಆಗಿದೆ. ಯಾವುದು ಅಂತ ತಿಳೀಬೇಕಿತ್ತು. ಬಣ್ಣದ ಮೇಜಿಗೆ ಹೋಗಬೇಕಾದ್ದನ್ನು ಪರಿಮಳದ ಮೇಜಿಗೆ ಇಟ್ಟೆ. ನೀವು ಬೇಡ ಅಂದಿದ್ರೆ, ಮನೆಯಲ್ಲಿ ನನಗೆ ಸುಳ್ಳು ಹೇಳ್ತಿದ್ದೀರಿ ಅಂತ ಆಗ್ತಿತ್ತು." ಚಾಚಿದ ಹೂವನ್ನು ಅವಳು ತನ್ನ ಕಡೆಗೆ ಎಳೆದುಕೊಂಡಳು. "ಅದೇ ಅಂತ ಅಂದ್ಕೊಂಡಿದ್ದೆ. ನಾನು ಏನು ಬೆಳೆದು ತಂದ್ರೂ ನಿಮಗೆ ಬೇಡ ಅಂತ."

ಒಂದು ಜೀಪು ಹಾದುಹೋಯಿತು. ಧೂಳು ಬೀಳದಂತೆ ಅವಳು ಹೂವಿನ ಮೇಲೆ ಸೆರಗು ಹಿಡಿದಳು.

"ಯಾವತ್ತಿನಿಂದ ವಾಸನೆ ಗೊತ್ತಾಗ್ತಿಲ್ಲ?"

"ಆ ಜ್ವರ ಬಂತಲ್ಲ, ಆವಾಗಿನಿಂದ."

"ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗ್ತದೆ ರೇವತಿ."

"ನನ್ನ ಹತ್ರ ಹೇಳಿದ್ರೆ ಕೆಲಸ ಹೋಗ್ತಿತ್ತಾ?"

ಇಷ್ಟು ಸರಳವಾದ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ತನಗೆ ತಾನೇ ಕೇಳಿಕೊಂಡಿರಲಿಲ್ಲ ಎಂಬುದು ಅವನಿಗೇ ಆಶ್ಚರ್ಯವಾಯಿತು. ಡಾಕ್ಟರು, ಕೆಲಸ, ಬೆಳ್ಳಿಯಪ್ಪನವರು ಎಂದು ಏನೇನೋ ಹೇಳತೊಡಗಿದ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕೈ ನಿಧಾನವಾಗಿ ಮೇಲೆ ಹೋಗಿ, ಹೆರಳು ಶುರುವಾಗುವ ಜಾಗದಲ್ಲಿ, ಏನೂ ಇಲ್ಲದ ಜಾಗದಲ್ಲಿ, ನಿಂತಿತು.

"ಹಾಗಾದ್ರೆ ನಾನು ಹೂವು ಮುಡಿಯದೆ ಇದ್ದದ್ದು ಯಾವ ಮೂಗಿಗೆ?"

ಅಳುತ್ತಾಳೆ ಎಂದುಕೊಂಡ. ಅತ್ತಿದ್ದರೆ ಅವನಿಗೆ ಏನಾದರೂ ಮಾಡಲು ಇರುತ್ತಿತ್ತು. ಅವಳು ಹೂವನ್ನು ವಾಪಸ್ ಕಪ್ಪಿನೊಳಗೆ ಹಾಕಿ, ಸೆರಗು ಸರಿಮಾಡಿಕೊಂಡು, "ನಡೀರಿ," ಎಂದು ಹಿಂದೆ ಕೂತಳು.

ಸೋಮವಾರ ಬೆಳಿಗ್ಗೆ ಎಚ್ಚರವಾದಾಗ ಅಡುಗೆಮನೆಯಲ್ಲಿ ಚಟಚಟ ಸದ್ದು ಕೇಳುತ್ತಿತ್ತು. ಕಣ್ಣು ಉರಿಯಿತು. ಬಾಗಿಲಲ್ಲಿ ನಿಂತು ನೋಡಿದ. ಇಂಗಿನ ಡಬ್ಬಿ ಅಟ್ಟದಿಂದ ಇಳಿದಿತ್ತು, ಬಾಣಲೆಯ ತುಂಬ ಬೆಳ್ಳುಳ್ಳಿ ಕೆಂಪಗಾಗುತ್ತಿತ್ತು. ರೇವತಿಯ ತಲೆಯಲ್ಲಿ ಎರಡು ಸುತ್ತು ಮಲ್ಲಿಗೆ, ಅದರ ಪಕ್ಕಕ್ಕೆ, ನೆರೆಮನೆಗೆ ಕೊಟ್ಟ ಗಿಡದಿಂದ ಹೋಗಿ ಕೊಯ್ದು ತಂದಿರಬೇಕು, ಒಂದು ಪನ್ನೀರು ಗುಲಾಬಿ. ತಿರುಗಿ ನೋಡದೆ ಹೇಳಿದಳು: "ನಿಮ್ಮ ಶರ್ಟು ಇಲ್ಲೇ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ದೆ, ರಾತ್ರಿ ಒಣಗಿರಲಿಲ್ಲ. ಹಾಕ್ಕೊಂಡು ಹೋಗಿ."

ಹಾಕಿಕೊಂಡು ಹೋದ. ಟೇಸ್ಟಿಂಗ್ ರೂಮಿನ ಬಾಗಿಲಲ್ಲಿ ನಜ್ಮಾ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಎಡಗಣ್ಣು ಕಿರಿದಾಯಿತು. ಆ ಮುಖವನ್ನು ಓದುವುದರಲ್ಲಿ ಅವನಷ್ಟು ಪಳಗಿದವರು ಜಿಲ್ಲೆಯಲ್ಲೇ ಇರಲಿಲ್ಲ. ಹಿಂದೊಮ್ಮೆ, ಮೂಗು ಬದುಕಿದ್ದಾಗ, ಬರೀ ಹ್ಯಾಂಡ್ ಕ್ರೀಮಿಗೆ ಅವಳನ್ನು ಇಡೀ ದಿನ ಹೊರಗೆ ಕೂರಿಸಿದ್ದವನು ಅವನೇ. ಅಷ್ಟರಲ್ಲಿ ಬೆಳ್ಳಿಯಪ್ಪನವರು ಕೊಳ್ಳುವವರಿಬ್ಬರನ್ನು ಕರೆದುಕೊಂಡು ಬಂದರು. ಅವನ ಹೆಗಲ ಮೇಲೆ ಕೈಹಾಕಿ, ಮೂಗಿನ ಬುಡದಲ್ಲೇ ಆ ಶರ್ಟು ಇದ್ದರೂ ಎದೆತುಂಬ ಉಸಿರೆಳೆದು, "ಆಹಾ, ಈ ಸಲದ ಬೀಜವೇ ಬೇರೆ. ರೂಮಿಗೆ ಬಂದ್ರೇ ಗೊತ್ತಾಗ್ತದೆ," ಎಂದರು. ಕೊಳ್ಳುವವರು ತಲೆಯಾಡಿಸಿದರು.

ಬಟ್ಟಲುಗಳಿಗೆ ನೀರು ಬಿತ್ತು. ಅವನು ಚಮಚ ತೆಗೆದುಕೊಂಡ. "ನೀನು ಮೊದಲು ಹೇಳು ನಜ್ಮಾ," ಎಂದ.

ನಜ್ಮಾ ಬಟ್ಟಲಿಗೆ ಬಗ್ಗಲಿಲ್ಲ. "ಇವತ್ತು ನೀವೇ ಮೊದಲು ಹೇಳಿ, ಸಾರ್," ಎಂದಳು. ಅವಳ ಮುಖ ಸ್ವಚ್ಛವಾಗಿ ಒರೆಸಿಟ್ಟ ಸ್ಲೇಟಿನ ಹಾಗಿತ್ತು.

ಅವನು ಹೀರಿದ, ಉಗಿದ. ಕಿತ್ತಳೆ ಎನ್ನಬಹುದಿತ್ತು. ಬೆಲ್ಲ ಎನ್ನಬಹುದಿತ್ತು. ಏಲಕ್ಕಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತನ್ನ ತೋಳಿನ ಮೇಲಿನ, ತನಗೆ ಮಾತ್ರ ಗೊತ್ತಾಗದ ವಾಸನೆಯನ್ನು ಹೊತ್ತು ಅವನು ಚಮಚ ಕೆಳಗಿಟ್ಟ.

"ಹುಳಿ ಇದೆ. ಕಹಿ ಇದೆ," ಎಂದ. "ಉಳಿದದ್ದು ನನಗೆ ಗೊತ್ತಾಗೋದಿಲ್ಲ."

ನಜ್ಮಾ ತಲೆ ತಗ್ಗಿಸಿದಳು. ಮುಗಿಯಿತು ಎಂದುಕೊಂಡ, ಎರಡು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಬೆಳ್ಳಿಯಪ್ಪನವರು ನಿಧಾನವಾಗಿ ಕೊಳ್ಳುವವರ ಕಡೆ ತಿರುಗಿದರು.

"ಕೇಳಿದ್ರಾ?" ಎಂದರು ಹೆಮ್ಮೆಯಿಂದ. "ಮೂಗು ಅಂದ್ರೆ ಇದು. ಬೇರೆ ಯಾರಾದ್ರೂ ಆಗಿದ್ರೆ ಏನಾದ್ರೂ ಒಂದು ಹೇಳಿಬಿಡ್ತಿದ್ರು."